ಜೀಪಿನ ಎರಡು ಮೂಗು: ಎಂಜಿನ್‌ಗೆ ಸಿಕ್ಕ ಗಾಳಿ, ಕೂತವರಿಗೆ ಸಿಗದ ಗಾಳಿ

ಹಳೆಯ ಜೀಪಿಗೆ ಎರಡು ಮೂಗು. ಒಂದು ಬಾನೆಟ್ ಕೆಳಗೆ ಇದೆ. ಅದರಿಂದ ಎಂಜಿನ್ ಉಸಿರಾಡುತ್ತದೆ. ಇನ್ನೊಂದು, ಗಾಡಿಯೊಳಗೆ ಗಾಳಿ ಬರುವ ದಾರಿ. ಮುಂದಿನ ಗಾಜು, ಬಾಗಿಲ ಸಂದಿ, ಹಿಂದೆ ಜೋತುಬಿದ್ದ ತಾಡಪತ್ರಿ, ಇವುಗಳಿಂದ ಬಂದ ಗಾಳಿಯನ್ನು ಒಳಗೆ ಕೂತ ಜನ ಉಸಿರಾಡುತ್ತಾರೆ.

ಮೊದಲನೇ ಮೂಗಿನ ಬಗ್ಗೆ ಮಿಲಿಟರಿಯವರು, ಕಂಪನಿಯವರು, ನಮ್ಮೂರ ಗ್ಯಾರೇಜಿನ ಮಿಸ್ತ್ರಿಗಳು ಎಂಬತ್ತು ವರ್ಷದಿಂದ ತಲೆ ಕೆಡಿಸಿಕೊಂಡು ಬಂದಿದ್ದಾರೆ. ಎರಡನೇ ಮೂಗಿಗೆ ಮಾತ್ರ ಹೆಗಲ ಮೇಲಿನ ಟವೆಲ್ಲು, ತಲೆ ಮೇಲಿನ ಸೆರಗೇ ಗತಿ. ಹೀಗೆ ಯಾಕಾಯಿತು, ಇದರಿಂದ ಯಾರಿಗೆ ಏನು ನಷ್ಟ ಅನ್ನುವುದೇ ಈ ಬರಹ.

ಅಫಜಲಪುರ ತಾಲ್ಲೂಕಿನ ಹವಳಗಾ ಸುತ್ತಮುತ್ತಲಿನವರಿಗೆ ಧೂಳಿನ ಪರಿಚಯ ಹೇಳಿಕೊಡಬೇಕಿಲ್ಲ. ಕಬ್ಬಿನ ಸೀಸನ್ ಶುರುವಾದರೆ ಸಕ್ಕರೆ ಕಾರ್ಖಾನೆ ಕಡೆ ಟ್ರ್ಯಾಕ್ಟರುಗಳ ಸಾಲು. ಎರೆ ಹೊಲದ ದಾರಿ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಹಿಟ್ಟಿನಂಥ ಪುಡಿ. ಆಳಂದ, ಜೇವರ್ಗಿ ಕಡೆಯೂ ಇದೇ ಕತೆ. ಇಂಥ ದಾರಿಯಲ್ಲಿ ಜೀಪು, ಆಮೇಲೆ ಟ್ರ್ಯಾಕ್ಸು, ಕ್ರೂಸರು ನಮ್ಮ ಜನರನ್ನು ಸಂತೆಗೆ, ಆಸ್ಪತ್ರೆಗೆ, ಮದುವೆಗೆ, ಜಾತ್ರೆಗೆ ಹೊತ್ತು ತಿರುಗಿವೆ.

ಯುದ್ಧಕ್ಕೆ ಹುಟ್ಟಿದ ಗಾಡಿ

1940ರಲ್ಲಿ ಅಮೆರಿಕದ ಸೈನ್ಯ ಒಂದು ಹಗುರ ಗಾಡಿ ಬೇಕೆಂದು ಕಂಪನಿಗಳನ್ನು ಕೇಳಿತು. ನಾಲ್ಕೂ ಗಾಲಿಗೆ ಎಂಜಿನ್ ಬಲ ಸಿಗಬೇಕು, ಗುಡ್ಡ, ಕೆಸರು, ಮರಳು ಎಲ್ಲ ಕಡೆ ಓಡಬೇಕು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿ ಕೊಟ್ಟಿತು. ದೊಡ್ಡ ಸಂಖ್ಯೆಯಲ್ಲಿ ತಯಾರಿಸಿದ್ದು ವಿಲ್ಲೀಸ್ ಮತ್ತು ಫೋರ್ಡ್. 1945ರ ಹೊತ್ತಿಗೆ 6 ಲಕ್ಷಕ್ಕೂ ಹೆಚ್ಚು ಜೀಪುಗಳು ಹೊರಬಿದ್ದಿದ್ದವು.

ಆ ಜೀಪಿಗೆ ಬಾಗಿಲಿಲ್ಲ. ಮೇಲೆ ಬಟ್ಟೆಯ ಹೊದಿಕೆ. ಮುಂದಿನ ಗಾಜಿನ ಚೌಕಟ್ಟನ್ನು ಮೇಲಿನ ಅಂಚಿನಿಂದ ಹೊರಕ್ಕೆ ಎತ್ತಿ ನಿಲ್ಲಿಸಬಹುದಿತ್ತು. ಬೇಡವೆಂದರೆ ಪೂರ್ತಿ ಚೌಕಟ್ಟನ್ನು ಬಾನೆಟ್ ಮೇಲೆ ಮಲಗಿಸಬಹುದಿತ್ತು. ಸೈನಿಕನಿಗೆ ಗಾಳಿ ಬರಲೆಂದು ಬೇರೆ ಏರ್ಪಾಟು ಮಾಡುವ ಪ್ರಶ್ನೆಯೇ ಬರಲಿಲ್ಲ, ಇಡೀ ಗಾಡಿಯೇ ತೆರೆದಿತ್ತು. ಆದರೆ ಎಂಜಿನ್ನಿಗೆ ಮಾತ್ರ ಎಣ್ಣೆಯ ಏರ್ ಕ್ಲೀನರ್ ಕೂಡಿಸಿದ್ದರು. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಗಾಡಿ ನಿಂತರೆ ಯುದ್ಧ ಕೆಡುತ್ತದೆ. ಧೂಳು ಕುಡಿದ ಸೈನಿಕ ಕೆಮ್ಮುತ್ತಾನೆ, ಆದರೆ ನಡೆಯುತ್ತಾನೆ. ಲೆಕ್ಕ ಅಷ್ಟೇ ಇತ್ತು. ಯುದ್ಧಕಾಲಕ್ಕೆ ಆ ಲೆಕ್ಕ ಸರಿಯೂ ಇರಬಹುದು. ಯುದ್ಧ ಮುಗಿದ ಮೇಲೂ ಅದೇ ಲೆಕ್ಕ ಮುಂದುವರಿದದ್ದೇ ನಮ್ಮ ಕತೆ.

ನಮ್ಮ ದೇಶದಲ್ಲಿ 1945ರಲ್ಲಿ ಮಹೀಂದ್ರ ಆ್ಯಂಡ್ ಮೊಹಮ್ಮದ್ ಎಂಬ ಕಂಪನಿ ಶುರುವಾಯಿತು. 1948ರಲ್ಲಿ ಅದರ ಹೆಸರು ಮಹೀಂದ್ರ ಆ್ಯಂಡ್ ಮಹೀಂದ್ರ ಆಯಿತು. ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಬೊಂಬಾಯಿಯ ಮಜಗಾಂವ್‌ನಲ್ಲಿ ಜೋಡಿಸತೊಡಗಿದರು. ಆಗ ನಮ್ಮ ಕಲಬುರಗಿ ಜಿಲ್ಲೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆಯ ಮುಖ್ಯ ಪಡೆ ಸೊಲ್ಲಾಪುರದಿಂದ ಹೊರಟು ನಳದುರ್ಗದ ಮೇಲೆ ಹೈದರಾಬಾದ್ ಕಡೆ ಸಾಗಿತು. ಆ ಹಾದಿ ಆಳಂದಕ್ಕೆ ದೂರದ್ದೇನಲ್ಲ.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಬಿಡಿಒ ಸಾಹೇಬರ ಜೀಪು ಹಳ್ಳಿಗೆ ಬಂತು. ಸರ್ಕಾರ ಅಂದರೆ ಜೀಪು ಅನ್ನುವಂತಾಯಿತು. ಸಾಹೇಬರು ಹೋದ ಮೇಲೂ ಹಿಂದೆ ಧೂಳಿನ ಗೋಡೆ ಸ್ವಲ್ಪ ಹೊತ್ತು ನಿಂತೇ ಇರುತ್ತಿತ್ತು.

ಎಣ್ಣೆಯ ಬಟ್ಟಲು

ಎಂಜಿನ್ ಎಷ್ಟು ಗಾಳಿ ಕುಡಿಯುತ್ತದೆ ಗೊತ್ತೇ? 1980ರ ದಶಕದಲ್ಲಿ ಮಹೀಂದ್ರ ಜೀಪುಗಳಿಗೆ ಫ್ರಾನ್ಸಿನ ಪ್ಯೂಜೋ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್ ಬಂತು. ಅದು ನಿಮಿಷಕ್ಕೆ 2000 ಸುತ್ತು ತಿರುಗುವಾಗ ಸುಮಾರು 1800ರಿಂದ 2000 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಗಂಟೆಗೆ 1 ಲಕ್ಷ ಲೀಟರ್ ದಾಟುತ್ತದೆ. ಸುಮ್ಮನೆ ಕೂತ ಮನುಷ್ಯನಿಗೆ ಬೇಕಾದದ್ದು ನಿಮಿಷಕ್ಕೆ 6ರಿಂದ 8 ಲೀಟರ್. ಜೀಪಿನಲ್ಲಿ 14 ಜನ ತುಂಬಿದರೂ ಎಲ್ಲರದೂ ಸೇರಿ 100 ಲೀಟರ್ ಸುಮಾರು.

ಇಷ್ಟು ಗಾಳಿಯ ಜೊತೆ ಧೂಳೂ ಹೋಗುತ್ತದೆ. ಮುರುಮಿನ ರಸ್ತೆಯ ಧೂಳಿನಲ್ಲಿ ಕಲ್ಲಿನ ಸಣ್ಣ ಹರಳುಗಳಿರುತ್ತವೆ. ಅವು ಒಳಗೆ ಹೋದರೆ ಪಿಸ್ಟನ್ ರಿಂಗು, ಬೋರು ಎರಡನ್ನೂ ಉಪ್ಪುಕಾಗದ ಉಜ್ಜಿದಂತೆ ಉಜ್ಜುತ್ತವೆ. ಆಗ ಎಂಜಿನ್ ಆಯಿಲ್ ಕುಡಿಯಲು ಶುರು ಮಾಡುತ್ತದೆ, ನೀಲಿ ಹೊಗೆ ಬಿಡುತ್ತದೆ, ಬೋರಿಗೆ ಬರುತ್ತದೆ.

ಇದಕ್ಕೆ ಹಳೆಯ ಕಾಲದವರು ಕಂಡುಕೊಂಡ ಉಪಾಯ ಎಣ್ಣೆಯ ಬಟ್ಟಲು. ಒಳಗೆ ಬಂದ ಗಾಳಿ ನೇರ ಕೆಳಗಿಳಿದು ಎಣ್ಣೆಯ ಮೇಲೆ ಬಂದು ಗಕ್ಕನೆ ಮೇಲಕ್ಕೆ ತಿರುಗಬೇಕು. ಗಾಳಿ ತಿರುಗುತ್ತದೆ, ಭಾರವಾದ ಧೂಳಿನ ಕಣ ತಿರುಗಲಾರದೆ ಎಣ್ಣೆಗೆ ಬೀಳುತ್ತದೆ. ಉಳಿದ ಕಣಗಳು ಮೇಲಿನ ತಂತಿ ಜಾಳಿಗೆಗೆ ಅಂಟುತ್ತವೆ. ನಮ್ಮ ಅಜ್ಜಂದಿರು ರಾಶಿ ತೂರುವಾಗ ಕಾಳು ಹತ್ತಿರ, ಹೊಟ್ಟು ದೂರ ಬೀಳುತ್ತಿತ್ತಲ್ಲ, ಭಾರದ್ದು ಗಾಳಿಯ ಜೊತೆ ಹೋಗುವುದಿಲ್ಲ ಎಂಬ ಅದೇ ನಿಯಮ ಇಲ್ಲೂ ಕೆಲಸ ಮಾಡುತ್ತದೆ.

ಹಳ್ಳಿಗೆ ಇದು ಹೇಳಿ ಮಾಡಿಸಿದ ಸಾಮಾನು. ಹೊಸ ಫಿಲ್ಟರ್ ಕೊಳ್ಳುವ ಖರ್ಚಿಲ್ಲ. ಬಟ್ಟಲು ಬಿಚ್ಚಿ ಕೆಸರಾದ ಎಣ್ಣೆ ತೆಗೆದು, ಜಾಳಿಗೆ ತೊಳೆದು, ಗುರುತಿನವರೆಗೆ ಹೊಸ ಎಣ್ಣೆ ಹಾಕಿದರೆ ಆಯಿತು. ಗುರುತು ದಾಟಿ ಹಾಕಬಾರದು. ಡೀಸೆಲ್ ಎಂಜಿನ್ ಆ ಹೆಚ್ಚಿನ ಎಣ್ಣೆಯನ್ನು ಎಳೆದುಕೊಂಡು, ಆಕ್ಸಿಲೇಟರ್ ಬಿಟ್ಟರೂ ನಿಲ್ಲದೆ ಹುಚ್ಚಾಗಿ ಓಡುವ ಅಪಾಯ ಇದೆ.

ಎಣ್ಣೆಯ ಬಟ್ಟಲಿಗೆ ಒಂದು ಕೊರತೆಯೂ ಇದೆ. ಎಂಜಿನ್ ನಿಧಾನ ತಿರುಗುವಾಗ ಗಾಳಿಯ ರಭಸ ಕಡಿಮೆ, ಧೂಳು ಎಣ್ಣೆಗೆ ಬೀಳುವುದೂ ಕಡಿಮೆ. ತೀರ ಸಣ್ಣ ಕಣಗಳನ್ನು ಕಾಗದದ ಫಿಲ್ಟರೇ ಚೆನ್ನಾಗಿ ಹಿಡಿಯುತ್ತದೆ. ಹಾಗಾಗಿ ಮುಂದೆ ಬಂದ ಗಾಡಿಗಳಲ್ಲಿ ಕಾಗದದ ಫಿಲ್ಟರ್ ಬಂತು. ಟ್ರ್ಯಾಕ್ಟರಿನ ಬಾನೆಟ್ ಮೇಲೆ ಟೋಪಿ ಹಾಕಿದ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಡಬ್ಬಿ ನೋಡಿರುತ್ತೀರಿ. ಅದೂ ಇದೇ ಮನೆತನದ್ದು. ದಪ್ಪ ಧೂಳನ್ನು ಗಿರಗಿರ ತಿರುಗಿಸಿ ಹೊರಗೇ ಉಳಿಸಿಕೊಳ್ಳುತ್ತದೆ.

ಮೂಗಿಗಾಗಿ ಎತ್ತರವಾದ ಬಾನೆಟ್

ಹಳೆ ಜೀಪುಗಳನ್ನು ಬಲ್ಲವರು ಬಾನೆಟ್ ನೋಡಿಯೇ ಮಾದರಿ ಹೇಳುತ್ತಾರೆ. 1953ರಲ್ಲಿ ವಿಲ್ಲೀಸ್ ತಂದ ಸಿಜೆ-3ಬಿ ಮಾದರಿಯ ಬಾನೆಟ್ ಮೊದಲಿನವಕ್ಕಿಂತ ಎತ್ತರ. ಮಹೀಂದ್ರ ಇದನ್ನು ದಶಕಗಟ್ಟಲೆ ತಯಾರಿಸಿತು. ನಮ್ಮ ಜನ ಜೀಪು ಅಂದಾಗ ಕಣ್ಣ ಮುಂದೆ ಬರುವುದು ಬಹಳ ಮಟ್ಟಿಗೆ ಇದೇ ಮುಖ.

ಅದು ಎತ್ತರವಾದದ್ದು ಚೆಂದಕ್ಕಲ್ಲ. ಹಳೆಯ ಎಂಜಿನ್ನಿನಲ್ಲಿ ಗಾಳಿ ಒಳಗೆ ಬರುವ ವಾಲ್ವು, ಹೊಗೆ ಹೊರಗೆ ಹೋಗುವ ವಾಲ್ವು ಎರಡೂ ಪಕ್ಕದಲ್ಲಿದ್ದವು. ಹೊಸ ಎಂಜಿನ್ನಿಗೆ ಗಾಳಿ ಚೆನ್ನಾಗಿ ಸಿಗಲೆಂದು ಗಾಳಿಯ ವಾಲ್ವನ್ನು ತಲೆಯ ಮೇಲಕ್ಕೆ ಒಯ್ದರು. ಕಾರ್ಬೊರೇಟರೂ ಮೇಲೆ ಹೋಯಿತು. ಅಳತೆ ಅದೇ 2.2 ಲೀಟರ್, ಬಲ ಮಾತ್ರ 60 ಕುದುರೆಶಕ್ತಿಯಿಂದ 70ರ ಮೇಲಕ್ಕೆ ಏರಿತು. ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಿದರು.

ಆದರೆ ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆ ಕಿತ್ತುಕೊಂಡಂತಾಯಿತು. ಬಾನೆಟ್ ಮೇಲೇರಿದ ಕಾರಣ ಮುಂದಿನ ಗಾಜು ಗಿಡ್ಡವಾಯಿತು. ಎಂಜಿನ್ನಿನ ಮೂಗು ದೊಡ್ಡದು ಮಾಡಲು ಗಾಡಿಯ ಮುಖವನ್ನೇ ಬದಲಾಯಿಸಿದರು. ಕೂತವರ ಗಾಳಿಗಾಗಿ ಅಂಥ ದೊಡ್ಡ ಬದಲಾವಣೆ ಆಗಲಿಲ್ಲ.

ಮೇಲೇರಿದ ಕೊಳವೆ

ಈಗಿನ ಹುಡುಗರು ಜೀಪಿನ ಪಕ್ಕದಲ್ಲಿ ಆನೆ ಸೊಂಡಿಲಿನಂಥ ಕಪ್ಪು ಕೊಳವೆ ಹಾಕಿಸುತ್ತಾರೆ. ಅದಕ್ಕೆ ಸ್ನಾರ್ಕೆಲ್ ಅನ್ನುತ್ತಾರೆ. ಹೆಸರು ಬಂದದ್ದು ಜರ್ಮನ್ ಭಾಷೆಯಿಂದ. ನೀರಿನೊಳಗೆ ಮುಳುಗಿದ ಜಲಾಂತರ್ಗಾಮಿ ಹಡಗು ಮೇಲಕ್ಕೆ ಕೊಳವೆ ಚಾಚಿ ಡೀಸೆಲ್ ಎಂಜಿನ್ನಿಗೆ ಗಾಳಿ ಎಳೆದುಕೊಳ್ಳುವ ಉಪಾಯ ಅದು. ಎರಡನೇ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಡಚ್ಚರು ಮಾಡಿದ್ದನ್ನು ಯುದ್ಧದಲ್ಲಿ ಜರ್ಮನರು ಬಳಸಿದರು. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ದಂಡೆಗೆ ಸೈನ್ಯ ಇಳಿದಾಗ ಜೀಪುಗಳೂ ಸಮುದ್ರದ ನೀರಿನಲ್ಲಿ ಇಳಿಯಬೇಕಿತ್ತು. ಅವುಗಳ ಗಾಳಿಯ ಕೊಳವೆ, ಸೈಲೆನ್ಸರ್ ಕೊಳವೆ ಮೇಲಕ್ಕೆ ಎತ್ತಿ, ಸಂದುಗೊಂದು ಮುಚ್ಚಿ ಕಳಿಸಿದ್ದರು.

ಭೀಮಾ ದಂಡೆಯ ನಮಗೆ ಈ ಭಯ ಅರ್ಥವಾಗುತ್ತದೆ. 2020ರ ಅಕ್ಟೋಬರಿನಲ್ಲಿ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು, ಮೇಲಿನ ಮಳೆಯ ನೀರು ಸೇರಿ ಸೊನ್ನ ಬ್ಯಾರೇಜ್ ದಾಟಿ ಬಂದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳು ನೀರಿನಲ್ಲಿ ನಿಂತವು. ಅಂಥ ನೀರಿಗೆ ಗಾಡಿ ಇಳಿಸಿದರೆ ಏನಾಗುತ್ತದೆ? ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಡೀಸೆಲ್ ಎಂಜಿನ್ ಗಾಳಿಯನ್ನು ಇಪ್ಪತ್ತು ಪಟ್ಟಿನ ಆಸುಪಾಸಿಗೆ ಒತ್ತುತ್ತದೆ, ಪಿಸ್ಟನ್ ಮೇಲೆ ಉಳಿಯುವ ಜಾಗ ಬಲು ಕಡಿಮೆ. ಅಲ್ಲಿ ಒಂದಿಷ್ಟು ನೀರು ಹೊಕ್ಕರೆ ಸಾಕು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಕೊಳವೆ ಎತ್ತರಕ್ಕೆ ಹಾಕಿದರೆ ಎರಡು ಲಾಭ. ನೀರು ಮೂಗಿಗೆ ಬರುವುದು ತಡವಾಗುತ್ತದೆ, ನೆಲದ ದಪ್ಪ ಧೂಳೂ ಅಷ್ಟು ಎತ್ತರಕ್ಕೆ ಬರುವುದು ಕಡಿಮೆ. ಆದರೆ ಕೊಳವೆಯ ಒಂದೇ ಒಂದು ಜೋಡಣೆ ಸಡಿಲವಾದರೂ ಅದು ಬರೀ ಅಲಂಕಾರ. ನೀರು, ಧೂಳು ಆ ಸಂದಿಯಿಂದಲೇ ಹೋಗುತ್ತವೆ. ಇನ್ನೊಂದು ಮಾತು: ಸ್ನಾರ್ಕೆಲ್ ಇದೆಯೆಂದು ಹರಿಯುವ ಹಳ್ಳಕ್ಕೆ ಗಾಡಿ ಇಳಿಸಬೇಡಿ. ಎಂಜಿನ್ ಉಸಿರಾಡುತ್ತಿದ್ದರೂ ಗಾಡಿ ಕೊಚ್ಚಿಹೋಗುತ್ತದೆ.

ಕೂತವರ ಮೂಗು

ಈಗ ಎರಡನೇ ಮೂಗಿಗೆ ಬರೋಣ.

ಯುದ್ಧ ಮುಗಿದ ಮೇಲೆ ವಿಲ್ಲೀಸ್‌ನವರು ತಂದ ಸಿಜೆ-3ಎ ಜೀಪಿನಲ್ಲಿ ಮುಂದಿನ ಗಾಜಿನ ಕೆಳಗೆ ಗಾಳಿಗೆ ಒಂದು ಕಿಂಡಿ ಇತ್ತು. ಇಂಗ್ಲೆಂಡಿನ ಹಳೆ ಲ್ಯಾಂಡ್ ರೋವರ್ ಗಾಡಿಗಳಲ್ಲಿ ಗಾಜಿನ ಕೆಳಗೆ ಎರಡು ತೆರೆಯುವ ಮುಚ್ಚಳ, ಅವಕ್ಕೆ ಜಾಳಿಗೆ ಇರುತ್ತಿತ್ತು. ಬಿಸಿಲಿನ ದೇಶಗಳಿಗೆ ಕಳಿಸುವ ಲ್ಯಾಂಡ್ ರೋವರುಗಳಿಗೆ ಮೇಲ್ಛಾವಣಿಯ ಮೇಲೆ ಇನ್ನೊಂದು ಛಾವಣಿ, ನಡುವೆ ಗಾಳಿ ಆಡಲು ಜಾಗ. ಅಂದರೆ ವಿದ್ಯೆ ಗೊತ್ತಿತ್ತು. ನಮ್ಮ ದೇಶದ ಅಂಬಾಸಿಡರ್ ಕಾರಿನ ಮುಂದಿನ ಬಾಗಿಲುಗಳಿಗೂ ತಿರುಗಿಸುವ ಮೂಲೆ ಕಿಟಕಿಗಳಿದ್ದವು.

ಹಳ್ಳಿಯ ಜೀಪಿಗೆ ಬಂದದ್ದು ಬೇರೆ. ಪೇಟೆಯಲ್ಲಿ ಪೈಪು ಬಗ್ಗಿಸಿ, ತಾಡಪತ್ರಿಯ ಹುಡ್ ಹೊಲಿಸಿ, ಹಿಂದೆ ಎದುರುಬದುರು ಎರಡು ಬೆಂಚು ಹಾಕಿದರು. ಇಬ್ಬರು ಮುಂದೆ ಕೂರುವ ಕಡೆ ನಾಲ್ವರು, ಹಿಂದೆ ಎಂಟೋ ಹತ್ತೋ ಜನ, ಹಿಂದಿನ ಮೆಟ್ಟಿಲ ಮೇಲೆ ಇನ್ನಿಬ್ಬರು. ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಇಳಿದು ದೇವಲ ಗಾಣಗಾಪುರದ ದತ್ತನ ದರ್ಶನಕ್ಕೆ ಹೋಗುವ ಭಕ್ತರಿಗೂ ಇಂಥ ಸವಾರಿ ಗೊತ್ತು.

ಇಂಥ ಗಾಡಿಯಲ್ಲಿ ಹಿಂದೆ ಕೂತವರಿಗೇ ಧೂಳು ಯಾಕೆ ಹೆಚ್ಚು? ಡಬ್ಬಿಯಂಥ ಗಾಡಿ ಮುಂದಕ್ಕೆ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಆ ಖಾಲಿ ಜಾಗ ತುಂಬಲು ಸುತ್ತಲಿನ ಗಾಳಿ ಸುಳಿಯಾಗಿ ಒಳಕ್ಕೆ ಹೊರಳುತ್ತದೆ. ಗಾಲಿ ಎಬ್ಬಿಸಿದ ಧೂಳು, ಸೈಲೆನ್ಸರಿನ ಹೊಗೆ ಎರಡನ್ನೂ ಹೊತ್ತು ತರುತ್ತದೆ. ಹಿಂಬದಿ ತೆರೆದಿದ್ದು ಮುಂದಿನ ಗಾಜು, ಕಿಟಕಿ ಮುಚ್ಚಿದ್ದರೆ ಗಾಡಿ ತನ್ನ ಹೊಗೆಯನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಡ್ರೈವರ್ ಮುಂದೆ ಇರುತ್ತಾನೆ, ಅವನಿಗೆ ಅಷ್ಟು ಗೊತ್ತಾಗುವುದಿಲ್ಲ. ಹಿಂದಿನ ಬೆಂಚಿನ ಕೊನೆಯಲ್ಲಿ ಕೂತವರಿಗೆ, ಅವರ ಮಡಿಲಲ್ಲಿದ್ದ ಮಕ್ಕಳಿಗೆ ಅದು ನೇರ ಮುಖಕ್ಕೆ.

ಧೂಳು ಇಳಿಯಿತು, ಹೊಗೆ ಉಳಿಯಿತು

1988ರಲ್ಲಿ ಬಜಾಜ್ ಟೆಂಪೊ ಕಂಪನಿಯ ಟ್ರ್ಯಾಕ್ಸ್ ಬಂತು. ಅದರ ಮನೆತನದ ಕ್ರೂಸರ್ ನಮ್ಮ ಜಿಲ್ಲೆಯ ರಸ್ತೆಗಳನ್ನು ಆಳಿತು. 1993ರಲ್ಲಿ ಮಹೀಂದ್ರದ ಅರ್ಮಾಡಾ, 2000ದಲ್ಲಿ ಬೊಲೆರೊ ಬಂದವು. ತಾಡಪತ್ರಿ ಹೋಗಿ ಪತ್ರಾದ ಮೈ, ಗಾಜಿನ ಕಿಟಕಿ ಬಂತು. 2000ದ ಡಿಸೆಂಬರಿನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಗಿ ಹಳ್ಳಿಗಳಿಗೆ ಡಾಂಬರು ರಸ್ತೆ ಬರತೊಡಗಿತು. ಧೂಳು ಎಷ್ಟೋ ಇಳಿಯಿತು.

ಹೊಗೆ ಇಳಿಯಲಿಲ್ಲ. ಧೂಳು ಕಣ್ಣಿಗೆ ಕಾಣುತ್ತದೆ, ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಡೀಸೆಲ್ ಹೊಗೆಯ ಕಣಗಳು ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ಸಣ್ಣವು. ಟವೆಲ್ಲಿನ ಎಳೆಗಳ ನಡುವೆ ಸಲೀಸಾಗಿ ನುಸುಳಿ ಶ್ವಾಸಕೋಶದ ತಳಕ್ಕೆ ಹೋಗುತ್ತವೆ. 2012ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. 2020ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಬಿಎಸ್-6 ನಿಯಮ ಬಂತು. ಹಳೆಯ ಗಾಡಿಗಳು ಮಾತ್ರ ಹಳೆಯ ಹೊಗೆಯನ್ನೇ ಬಿಡುತ್ತ ಓಡುತ್ತಿವೆ.

ಇಲ್ಲಿ ಎರಡೂ ಮೂಗು ಒಂದಕ್ಕೊಂದು ಕೂಡುತ್ತವೆ. ಏರ್ ಕ್ಲೀನರ್ ಧೂಳಿನಿಂದ ಕಟ್ಟಿದರೆ ಎಂಜಿನ್ನಿಗೆ ಗಾಳಿ ಸಾಲದು. ಡೀಸೆಲ್ ಪೂರ್ತಿ ಉರಿಯದೆ ಕರಿ ಹೊಗೆಯಾಗಿ ಹೊರಬೀಳುತ್ತದೆ. ಆ ಹೊಗೆ ಹಿಂಬದಿಯಿಂದ ಸುತ್ತಿ ಬಂದು ಕೂತವರ ಮೂಗು ಸೇರುತ್ತದೆ. ಎಂಜಿನ್ನಿನ ಮೂಗು ಕಟ್ಟಿದರೆ ಕೆಮ್ಮುವುದು ಪ್ಯಾಸೆಂಜರು.

ಹಳೆ ಗಾಡಿ ಇಟ್ಟುಕೊಂಡವರಿಗೆ

ಕೆಲವರು ಪಿಕಪ್ ಬರಲೆಂದು ಫಿಲ್ಟರನ್ನೇ ತೆಗೆದು ಓಡಿಸುತ್ತಾರೆ. ಕೆಲವರು ಬಾನೆಟ್ ಕೊರೆದು ತೂತು ಮಾಡಿಸುತ್ತಾರೆ. ಮೊದಲನೆಯದು ಎಂಜಿನ್ನಿನ ಆಯುಷ್ಯ ಕಡಿಮೆ ಮಾಡುತ್ತದೆ, ಎರಡನೆಯದು ಮಳೆ ನೀರಿಗೆ ಬಾಗಿಲು ತೆಗೆಯುತ್ತದೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5 ಸಾವಿರ ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಥವಾ ಎರಡನ್ನೂ ಇಟ್ಟರು. ಸ್ನಾರ್ಕೆಲ್ ಆಗಲಿ, ಹೊಸ ಮೇಲ್ಛಾವಣಿ ಆಗಲಿ, ಹಾಕಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳುವುದು ಒಳ್ಳೆಯದು.

ಏನನ್ನೂ ಕೊರೆಯದೆ ಮಾಡಬಹುದಾದ ಕೆಲಸಗಳೇ ಬಹಳ ಇವೆ:

- ಕಬ್ಬಿನ ಸೀಸನ್ನಿನಲ್ಲಿ, ರಾಶಿಯ ಕಾಲದಲ್ಲಿ ಎಣ್ಣೆಯ ಬಟ್ಟಲನ್ನು ದಿನವೂ ಬಿಚ್ಚಿ ನೋಡಿ. ತಳದಲ್ಲಿ ಕೆಸರು ಕಂಡರೆ ತೊಳೆಯಿರಿ.
- ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಸೀಳಿದೆಯೇ, ಕ್ಲಿಪ್ಪು ಬಿಗಿ ಇದೆಯೇ ನೋಡಿ. ಇಲ್ಲಿ ಸಂದಿ ಇದ್ದರೆ ಫಿಲ್ಟರ್ ಇದ್ದೂ ಇಲ್ಲದಂತೆ.
- ಹಿಂದಿನ ಬಾಗಿಲಿನ ರಬ್ಬರ್ ಬೀಡಿಂಗ್ ಹೋಗಿದ್ದರೆ ಹೊಸದು ಹಾಕಿಸಿ. ನೆಲದ ಪತ್ರಾದಲ್ಲಿ ತೂತಿದ್ದರೆ ಮುಚ್ಚಿಸಿ.
- ಸೈಲೆನ್ಸರ್ ಪೈಪು ಸೀಟಿನ ಕೆಳಗೇ ಮುರಿದಿದ್ದರೆ ತಡಮಾಡಬೇಡಿ. ಅದರ ಬಾಯಿ ಗಾಡಿಯ ಮೈ ದಾಟಿ ಹೊರಗಿರಬೇಕು.
- ಓಡುವಾಗ ಮುಂದಿನ ಕಿಟಕಿ ತೆರೆದಿರಲಿ, ಹಿಂಬದಿ ಮುಚ್ಚಿರಲಿ. ಮುಂದಿನಿಂದ ಬಂದ ಗಾಳಿ ಒಳಗೆ ತುಂಬಿ ನಿಂತರೆ ಹಿಂದಿನ ಹೊಗೆಗೆ ಜಾಗ ಸಿಗುವುದಿಲ್ಲ.
- ಎಂಜಿನ್ ಚಾಲೂ ಇಟ್ಟು, ಗಾಜು ಏರಿಸಿ ಗಾಡಿಯಲ್ಲಿ ಮಲಗಬೇಡಿ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಇದರಲ್ಲಿ ಹೆಚ್ಚಿನವು ಒಂದು ಮಧ್ಯಾಹ್ನದ ಕೆಲಸ, ಸಣ್ಣ ಖರ್ಚು. ಬೋರಿಂಗ್ ಖರ್ಚಿನ ಭಯಕ್ಕೆ ಡ್ರೈವರುಗಳು ಎಂಜಿನ್ನಿನ ಫಿಲ್ಟರ್ ನೋಡುತ್ತಲೇ ಬಂದಿದ್ದಾರೆ. ಹಿಂದಿನ ಬಾಗಿಲಿನ ಬೀಡಿಂಗ್ ಹೋದರೆ ಮಾಲೀಕನ ಜೇಬಿನಿಂದ ಏನೂ ಹೋಗುವುದಿಲ್ಲ. ಅದರ ಖರ್ಚು ಹಿಂದಿನ ಬೆಂಚಿನಲ್ಲಿ ಕೂತವರ ಎದೆಯ ಮೇಲೆ ಬೀಳುತ್ತದೆ. ಅವರು ಅದನ್ನು ವರ್ಷಗಳ ನಂತರ ದವಾಖಾನೆಯಲ್ಲಿ ಕೊಡುತ್ತಾರೆ. ಅದಕ್ಕೇ ಈ ಕೆಲಸ ಹಿಂದೆ ಬಿದ್ದಿದೆ.

ಮುಂದಿನ ಸಲ ಕ್ರೂಸರ್ ಹತ್ತಿದಾಗ ಹಿಂದಿನ ಬಾಗಿಲು ಸರಿಯಾಗಿ ಮುಚ್ಚುತ್ತದೆಯೇ ನೋಡಿ. ಒಳಗೆ ಹೊಗೆ ವಾಸನೆ ಬಂದರೆ ಮುಂದಿನ ಕಿಟಕಿ ತೆರೆಯಲು ಡ್ರೈವರ್ ಅಣ್ಣನಿಗೆ ಹೇಳಿ. ಮಕ್ಕಳನ್ನು ಕೊನೆಯ ಸೀಟಿನಿಂದ ಎಬ್ಬಿಸಿ ಮುಂದೆ ಕೂರಿಸಿ.